ಅಂಗಳ ಗುಡಿಸುವ ಮೊದಲು: ಅಪರಾಧ ತನಿಖೆಯ ಅ ಆ ಇ ಈ ಕಲಿಯೋದು ಹೇಗೆ

ಹಿರಿಯಡ್ಕದ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಅಡಿಕೆ ಕಳ್ಳತನ ಆದ ದಿನ ನಾನು ಮಂಗಳೂರಿನಿಂದ ಮೊದಲ ಬಸ್ಸು ಹಿಡಿದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅಂಗಳ ಕನ್ನಡಿಯ ಹಾಗೆ ಇತ್ತು. "ಪೊಲೀಸ್‌ನವರು ಬರ್ತಾರಲ್ಲ, ಕಸ ಕಂಡ್ರೆ ಎಂತ ಹೇಳಿಯಾರು" ಅಂತ ದೊಡ್ಡಮ್ಮ ಐದು ಗಂಟೆಗೇ ಎದ್ದು ಗುಡಿಸಿ ನೀರು ಚಿಮುಕಿಸಿದ್ದರು. ಕೊಟ್ಟಿಗೆ ಪಕ್ಕದ ಕೋಣೆಯ ಒಡೆದ ಬೀಗವನ್ನು ಬಟ್ಟೆಯಲ್ಲಿ ಒರೆಸಿ ಕಿಟಕಿ ದಂಡೆಯ ಮೇಲೆ ಇಟ್ಟಿದ್ದರು. ಹೋಗಿದ್ದು ನಾಲ್ಕು ಮೂಟೆ ಸುಲಿದ ಅಡಿಕೆ. ಎಎಸ್‌ಐ ಬಂದು ಅಂಗಳ ನೋಡಿದರು, ಬೀಗ ನೋಡಿದರು, "ಅಮ್ಮಾ, ಕಳ್ಳನ ಅರ್ಧ ಕೆಲಸ ನೀವೇ ಮುಗಿಸಿದ್ರಲ್ಲ" ಅಂದರು. ದೊಡ್ಡಮ್ಮ ಅವರಿಗೆ ಚಹಾ ತಂದುಕೊಟ್ಟರು.

ನಗಬೇಡಿ. ನಾನು ಆಗ ಕಾನೂನು ಓದಿ ಒಬ್ಬ ಹಿರಿಯ ವಕೀಲರ ಹತ್ತಿರ ಜೂನಿಯರ್ ಆಗಿ ಏಳು ತಿಂಗಳಾಗಿತ್ತು. ದಿನವಿಡೀ ಚಾರ್ಜ್‌ಶೀಟ್ ಓದೋದೇ ಕೆಲಸ. ಅಷ್ಟೆಲ್ಲ ಓದಿದ ನಾನು ಮನೆಗೆ ಹೋದವನೇ ಮಾಡಿದ್ದೇನು ಗೊತ್ತಾ? ಆ ಬೀಗವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಆಮೇಲೆ "ಕಳೆದ ವಾರ ತೋಟದ ಕೆಲಸಕ್ಕೆ ಬಂದಿದ್ದ ಆ ಇಬ್ಬರದ್ದೇ ಕೆಲಸ" ಅಂತ ತೀರ್ಪನ್ನೂ ಕೊಟ್ಟೆ. ನೋಡಿದ್ದನ್ನು ನೋಡಿದ ಹಾಗೆ, ನೋಡಿದ ಹೊತ್ತಿಗೇ ಬರೆದಿಡುವ ಅಭ್ಯಾಸ ಒಂದಿದ್ದರೆ ತನಿಖೆಯ ಅರ್ಧ ಬಂದ ಹಾಗೆ. ಯಾರು ಮಾಡಿದ್ದು ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ನಾವು ಅದನ್ನೇ ಮೊದಲು ಕೇಳ್ತೇವೆ.

ಇದು ಕಾನೂನು ವಿದ್ಯಾರ್ಥಿಗಳಿಗೆ, ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವವರಿಗೆ, ಕ್ರೈಂ ಸುದ್ದಿ ಬರೆಯುವ ಹೊಸಬರಿಗೆ, ಅಥವಾ ಸುಮ್ನೆ ಕುತೂಹಲ ಇರುವವರಿಗೆ. ಪೊಲೀಸರ ಕೆಲಸವನ್ನು ನೀವೇ ಮಾಡೋದಕ್ಕೆ ಅಲ್ಲ. ಅದರ ಬಗ್ಗೆ ಮುಂದೆ ಹೇಳ್ತೇನೆ.

ಮೊದಲು 24 ಕಲಂ ಓದಿ

ದಪ್ಪ ಪುಸ್ತಕ ಬೇಡ. 2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ತನಿಖೆಯ ಮಟ್ಟಿಗೆ ಎರಡನೆಯದರ 13ನೇ ಅಧ್ಯಾಯ, ಅಂದರೆ ಕಲಂ 173ರಿಂದ 196, ಮೊದಲು ಸಾಕು. ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಓದುವಾಗ ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಳ್ಳಿ: ದೂರು ಬಂತು (173), ಸ್ಥಳಕ್ಕೆ ಹೋದರು (176), ಸಾಕ್ಷಿಗಳನ್ನು ಕೇಳಿದರು (179, 180), ಹುಡುಕಿದರು (185), ಆರೋಪಿಯನ್ನು ರಿಮಾಂಡ್‌ಗೆ ತಂದರು (187), ದಿನಾ ಕೇಸ್ ಡೈರಿ ಬರೆದರು (192), ಕೊನೆಗೆ ವರದಿ ಹಾಕಿದರು (193). ಅಸಹಜ ಸಾವಾದರೆ 194, ಠಾಣೆಯ ಭಾಷೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ.

ದೂರಿನ ಬಗ್ಗೆ ಎರಡು ಮಾತು ಎಲ್ಲರಿಗೂ ಗೊತ್ತಿರಲಿ. ಘಟನೆ ಯಾವ ಠಾಣೆ ವ್ಯಾಪ್ತಿಯಲ್ಲಿ ಆಗಿದ್ದರೂ ನೀವು ಹೋದ ಠಾಣೆಯಲ್ಲೇ ದೂರು ತೆಗೆದುಕೊಳ್ಳಬೇಕು, ಅದಕ್ಕೆ ಝೀರೋ ಎಫ್‌ಐಆರ್ ಅನ್ನೋದು. ಆನ್‌ಲೈನ್‌ನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ದೂರು ಕೊಟ್ಟರೆ ಎಫ್‌ಐಆರ್ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲೇ ಹೇಳಿತ್ತು. ಹೊಸ ಕಾನೂನಿನಲ್ಲಿ 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಕೊಟ್ಟಿದ್ದಾರೆ. ಇದು ಒಳ್ಳೆಯದಕ್ಕಾ ಅನ್ನೋದರಲ್ಲಿ ನನಗೆ ಸಂಶಯ ಉಂಟು. 14 ದಿನದಲ್ಲಿ ನಮ್ಮೂರ ಒಂದು ಮಳೆ ಸಾಕು, ಹೆಜ್ಜೆ ಗುರುತೂ ಇಲ್ಲ, ಟೈರ್ ಗುರುತೂ ಇಲ್ಲ.

ಸ್ಥಳ ಮಹಜರು: ಇಲ್ಲಿ ನಿಧಾನ ಮಾಡಿ

ಇಡೀ ಕಲಿಕೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಮಹಜರು ಅಂದರೆ ಪಂಚರ, ಅಂದರೆ ಸಾಕ್ಷಿಗಾಗಿ ಕರೆಸಿದ ಹೊರಗಿನವರ, ಎದುರು ಸ್ಥಳವನ್ನು ನೋಡಿ, ಕಂಡದ್ದನ್ನು ಬರೆಯೋದು. ಸ್ಥಳದ ಚೆಕ್ಕುಬಂದಿ, ಅಳತೆ, ಸಿಕ್ಕಿದ ವಸ್ತು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು.

ಅಭ್ಯಾಸಕ್ಕೆ ನಿಮ್ಮ ಅಡುಗೆಮನೆ ಸಾಕು. ನೀವು ಹೊರಗೆ ಹೋದಾಗ ತಂಗಿಗೋ ರೂಮ್‌ಮೇಟ್‌ಗೋ ಹೇಳಿ ಮೂರು ವಸ್ತು ಜಾಗ ಬದಲಾಯಿಸಿ, ಒಂದನ್ನು ಅಡಗಿಸಿ ಇಡಲಿ. ವಾಪಸ್ ಬಂದವರು ಒಳಗೆ ನುಗ್ಗಬೇಡಿ. ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿ. ಕೈ ಜೇಬಿನಲ್ಲಿ ಇರಲಿ, ಇದು ತಮಾಷೆ ಅಲ್ಲ, ಕೈ ತಾನಾಗಿ ಮುಟ್ಟಲಿಕ್ಕೆ ಹೋಗ್ತದೆ. ಹೋಗುವ ಬರುವ ದಾರಿ ಒಂದೇ ಇರಲಿ, ಅದೂ ಗೋಡೆ ಬದಿಯಿಂದ. ಫೋಟೋ ಮೂರು ದೂರದಿಂದ: ಇಡೀ ಕೋಣೆ, ಆಮೇಲೆ ವಸ್ತು ಮತ್ತು ಅದರ ಅಕ್ಕಪಕ್ಕ, ಆಮೇಲೆ ಹತ್ತಿರದಿಂದ ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಸ್ಕೇಲ್ ಇಡದ ಫೋಟೋವೂ ಒಂದು ಇರಲಿ, ಇಲ್ಲದಿದ್ದರೆ "ಸ್ಕೇಲ್ ಕೆಳಗೆ ಏನಿತ್ತು" ಅಂತ ಕೇಳುವ ವಕೀಲರು ಸಿಗ್ತಾರೆ. ನಮ್ಮ ಸೀನಿಯರ್ ಅಂಥವರಲ್ಲಿ ಒಬ್ಬರು.

ಅಳತೆಗೆ ಅಲುಗಾಡದ ಎರಡು ಗುರುತು ಹಿಡಿಯಿರಿ. ಬಾವಿಕಟ್ಟೆಯ ಮೂಲೆ, ಬಾಗಿಲ ಚೌಕಟ್ಟು, ಹೀಗೆ. "ಚೊಂಬು ಬಾವಿಯ ಹತ್ತಿರ ಇತ್ತು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಬಾವಿಕಟ್ಟೆಯ ಮೂಲೆಯಿಂದ 4 ಮೀಟರ್ 20 ಸೆಂಟಿಮೀಟರ್, ಮೆಟ್ಟಿಲಿನಿಂದ 2 ಮೀಟರ್ 10 ಸೆಂಟಿಮೀಟರ್ ಅಂತ ಬರೆದರೆ ಹತ್ತು ವರ್ಷ ಬಿಟ್ಟು ಬಂದವರೂ ಅದನ್ನು ಅಲ್ಲೇ ಇಡಬಹುದು.

ಈಗ ಕಷ್ಟದ ವಿಷಯ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. "ಕಳ್ಳ ಕಿಟಕಿಯಿಂದ ಒಳಗೆ ಬಂದಿದ್ದಾನೆ" ಅಂತ ಬರೆದರೆ ಅದು ಊಹೆ. "ಕಿಟಕಿಯ ಎಡಗಡೆಯ ಎರಡು ಸರಳು ಹೊರಗೆ ಬಾಗಿವೆ, ದಂಡೆಯ ಮೇಲಿನ ಧೂಳು ಕದಡಿಲ್ಲ" ಇದು ಕಂಡದ್ದು. ಎರಡನೆಯ ವಾಕ್ಯ ಓದಿದ ಯಾರಿಗಾದರೂ ತಲೆ ಓಡ್ತದೆ ಅಲ್ವಾ: ದಂಡೆಯ ಧೂಳು ಹಾಗೇ ಇದ್ದರೆ ಅಲ್ಲಿಂದ ಮನುಷ್ಯ ಹತ್ತಿದ್ದು ಹೇಗೆ, ಸರಳು ಒಳಗಿನಿಂದ ಬಾಗಿಸಿದ್ದಾ? ಮೊದಲ ವಾಕ್ಯ ಬರೆದವರಿಗೆ ಈ ಪ್ರಶ್ನೆ ಬರುವುದೇ ಇಲ್ಲ, ಯಾಕೆಂದರೆ ಅವರು ಉತ್ತರ ಬರೆದು ಪೆನ್ನು ಮುಚ್ಚಿ ಆಗಿದೆ.

ನಮ್ಮ ಕಡೆಯ ಹಳೇ ಮನೆಗಳಿಗೆ ಹೇಳಿ ಮಾಡಿಸಿದ ಒಂದು ಉಪಾಯ ಹೇಳ್ತೇನೆ. ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ರಾತ್ರಿ ಲೈಟ್ ಆರಿಸಿ, ಟಾರ್ಚನ್ನು ನೆಲದ ಮೇಲೆ ಮಲಗಿಸಿ ಹಿಡಿಯಿರಿ. ಮೇಲಿನಿಂದ ನೋಡಿದರೆ ಏನೂ ಕಾಣದ ನೆಲದಲ್ಲಿ ಅಡ್ಡ ಬೆಳಕಿಗೆ ಇಡೀ ದಿನದ ಪಾದಗಳು ಎದ್ದು ಬರ್ತವೆ, ಹೆಬ್ಬೆರಳು, ಹಿಮ್ಮಡಿ, ಹವಾಯಿ ಚಪ್ಪಲಿಯ ಗೆರೆ ಎಲ್ಲ. ಮೊದಲ ಸಲ ನೋಡಿದಾಗ ನಾನು ಅರ್ಧ ಗಂಟೆ ನೆಲದ ಮೇಲೇ ಕೂತಿದ್ದೆ.

ನಾಗರಿಕ ಸುರಕ್ಷಾ ಸಂಹಿತೆಯ ಕಲಂ 105ರ ಪ್ರಕಾರ ಹುಡುಕಾಟ ಮತ್ತು ಜಪ್ತಿಯನ್ನು ವಿಡಿಯೋ ಮಾಡಲೇಬೇಕು, ಅದಕ್ಕೆ ಇ-ಸಾಕ್ಷ್ಯ ಅನ್ನೋ ಆ್ಯಪ್ ಬಂದಿದೆ. 7 ವರ್ಷ ಅಥವಾ ಜಾಸ್ತಿ ಶಿಕ್ಷೆಯ ಅಪರಾಧವಾದರೆ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು ಅಂತ ಕಲಂ 176ರಲ್ಲಿದೆ, ಅದನ್ನು ಜಾರಿ ಮಾಡಲಿಕ್ಕೆ ರಾಜ್ಯಗಳಿಗೆ 5 ವರ್ಷ ಸಮಯ ಕೊಟ್ಟಿದ್ದಾರೆ.

ವಸ್ತು ಸಿಕ್ಕಿದರೆ ಮುಗಿಯಲಿಲ್ಲ

ಫ್ರಾನ್ಸಿನ ಎಡ್ಮಂಡ್ ಲೊಕಾರ್ಡ್ 1910ರಲ್ಲಿ ಲಿಯೋನ್ ನಗರದಲ್ಲಿ ಸಣ್ಣ ಪ್ರಯೋಗಾಲಯ ಶುರು ಮಾಡಿದವರು. ಅವರ ಹೆಸರಲ್ಲಿ ಹೇಳುವ ತತ್ವ ಸರಳ: ಮನುಷ್ಯ ಎಲ್ಲಿಗೆ ಹೋದರೂ ಅಲ್ಲಿ ಏನಾದರೂ ಬಿಟ್ಟು ಬರ್ತಾನೆ, ಅಲ್ಲಿಂದ ಏನಾದರೂ ಹತ್ತಿಸಿಕೊಂಡು ಬರ್ತಾನೆ. ಮಲ್ಪೆಯ ಬಂದರಿಗೆ ಹೋಗಿ ಬಂದವರ ಚಪ್ಪಲಿ ಅಡಿಗೆ ಮೀನಿನ ಪೊರೆ, ಮುರಕಲ್ಲಿನ ಕೋರೆಗೆ ಹೋದವರ ಪ್ಯಾಂಟಿಗೆ ಕೆಂಪು ಧೂಳು. ಬಸ್ಸಿನಲ್ಲಿ ಕೂತಾಗ ಪಕ್ಕದವರ ಚಪ್ಪಲಿ ನೋಡಿ ಎಲ್ಲಿಂದ ಬಂದಿರಬಹುದು ಅಂತ ಊಹಿಸಿ ನೋಡಿ. ಮನಸ್ಸಿನಲ್ಲೇ, ಕೇಳಲಿಕ್ಕೆ ಹೋಗಬೇಡಿ.

ಬೆರಳಚ್ಚಿಗೆ ಸ್ಟೀಲ್ ಲೋಟ, ಟಾಲ್ಕಂ ಪೌಡರ್, ಮೆದು ಬ್ರಷ್, ಸೆಲ್ಲೋ ಟೇಪ್, ಕಪ್ಪು ಕಾಗದ ಸಾಕು. ಪೌಡರ್ ಉದುರಿಸಿ, ಬ್ರಷ್‌ನಿಂದ ಹಗುರವಾಗಿ ಸವರಿ, ಟೇಪ್ ಅಂಟಿಸಿ ಎತ್ತಿ ಕಾಗದಕ್ಕೆ ಹಚ್ಚಿ. ಹತ್ತರಲ್ಲಿ ಎಂಟು ಹಾಳಾಗ್ತವೆ. ಕೋಲ್ಕತ್ತದಲ್ಲಿ 1897ರಲ್ಲೇ ಬೆರಳಚ್ಚು ಬ್ಯೂರೋ ಇತ್ತು, ಬೆರಳಚ್ಚನ್ನು ವಿಂಗಡಿಸುವ ಪದ್ಧತಿಯ ಹಿಂದೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅನ್ನೋ ಇಬ್ಬರು ದೇಶೀ ಅಧಿಕಾರಿಗಳ ದುಡಿಮೆ ಇತ್ತು, ಆದರೆ ಹೆಸರು ಅಂಟಿಕೊಂಡದ್ದು ಅವರ ಸಾಹೇಬ ಎಡ್ವರ್ಡ್ ಹೆನ್ರಿಗೆ.

ರಕ್ತ ಹತ್ತಿದ ಬಟ್ಟೆ, ಒದ್ದೆ ಬಟ್ಟೆ ಇದ್ದರೆ ಪ್ಲಾಸ್ಟಿಕ್ ಕವರಿಗೆ ಹಾಕಬಾರದು. ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಗೆ ಹಾಕಬೇಕು. ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಒದ್ದೆ ಟವೆಲ್ಲನ್ನು ಕವರಲ್ಲಿ ಕಟ್ಟಿ ಎರಡು ದಿನ ಇಟ್ಟು ನೋಡಿ, ಕಾರಣ ಮೂಗಿಗೇ ಗೊತ್ತಾಗ್ತದೆ. ಆಮೇಲೆ ಅರಗಿನ ಮೊಹರು, ಪಂಚರ ಸಹಿಯ ಚೀಟಿ. ಯಾರ ಕೈಯಿಂದ ಯಾರ ಕೈಗೆ, ಯಾವಾಗ ಹೋಯಿತು ಅನ್ನೋ ಸರಪಳಿ ಎಲ್ಲೂ ಕಡಿಯಬಾರದು. ಪ್ರಯೋಗಾಲಯದ ವರದಿ ಎಷ್ಟು ಚೆನ್ನಾಗಿದ್ದರೂ ನಡುವೆ ಆರು ದಿನ ಮುದ್ದೆಮಾಲು (ಜಪ್ತಿ ಮಾಡಿದ ವಸ್ತು) ಎಲ್ಲಿತ್ತು ಅಂತ ಹೇಳುವವರೇ ಇಲ್ಲದಿದ್ದರೆ ಆ ವರದಿಗೆ ಬೆಲೆ ಕಮ್ಮಿ.

ಬಯ್ಯಗ್ ಅಂದರೆ ಎಷ್ಟು ಗಂಟೆ?

ಸಾಕ್ಷಿಯನ್ನು ಮಾತಾಡಿಸೋದು ಪ್ರಶ್ನೆ ಕೇಳೋದಕ್ಕಿಂತ ಜಾಸ್ತಿ ಸುಮ್ಮನೆ ಕೂತುಕೊಳ್ಳುವ ಕೆಲಸ. "ನೀಲಿ ಶರ್ಟ್ ಹಾಕಿದ್ನಾ?" ಅಂತ ಕೇಳಿದರೆ ಹೌದು ಅಂತಾರೆ. "ಏನು ಹಾಕಿದ್ದ?" ಅಂತ ಕೇಳಿ ಬಾಯಿ ಮುಚ್ಚಿ ಕೂತರೆ ನಿಜ ಹೊರಗೆ ಬರ್ತದೆ, "ನೆನಪಿಲ್ಲ" ಅನ್ನೋ ನಿಜ ಆದರೂ. ನೆನಪಿಲ್ಲ ಅನ್ನೋದನ್ನೂ ಬರೆದುಕೊಳ್ಳಿ. ಇಬ್ಬರು ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಬೇಡಿ, ಅರ್ಧ ಗಂಟೆಯಲ್ಲಿ ಇಬ್ಬರ ಕಥೆಯೂ ಒಂದೇ ಆಗಿಬಿಡ್ತದೆ.

ಇಲ್ಲಿನ ದೊಡ್ಡ ತೊಡಕು ಭಾಷೆ. ಸಾಕ್ಷಿ ಹೇಳೋದು ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ಠಾಣೆಯಲ್ಲಿ ರೈಟರ್ ಬರೆಯೋದು ಠಾಣೆಯ ಕನ್ನಡದಲ್ಲಿ. "ಕೋಡೆ ಬಯ್ಯಗ್ ತೂಯೆ" ಅಂತ ಒಬ್ಬ ಅಜ್ಜ ಹೇಳ್ತಾರೆ, ನಿನ್ನೆ ಬಯ್ಯಗ್, ಅಂದರೆ ಸಂಜೆ ಹೊತ್ತಿಗೆ, ನೋಡಿದೆ ಅಂತ. ಹೇಳಿಕೆಯಲ್ಲಿ ಅದು "ದಿನಾಂಕ ಇಷ್ಟರಂದು ಸಾಯಂಕಾಲ ಸುಮಾರು 6-30 ಗಂಟೆಗೆ" ಆಗಿ ಕೂತಿರ್ತದೆ. ಅಜ್ಜನ ಬಯ್ಯ ನಾಲ್ಕಕ್ಕೆ ಶುರುವಾಗಿ ದೀಪ ಹಚ್ಚುವವರೆಗೆ ಇರಬಹುದು. ಕೋರ್ಟಿನಲ್ಲಿ ಪಾಟಿ ಸವಾಲಿನ ಹೊತ್ತಿಗೆ "ಆರೂವರೆ ಅಂತ ನಾನು ಹೇಳಿಯೇ ಇಲ್ಲ ಸ್ವಾಮಿ" ಅಂತಾರೆ, ಅವರು ಹೇಳೋದು ನಿಜವೇ. ಆದ್ದರಿಂದ ಗಡಿಯಾರದ ಹೊತ್ತು ಕೇಳಬೇಡಿ, ಆ ದಿನದ ಗೂಟಗಳನ್ನು ಕೇಳಿ. ಬಾಂಗ್ ಆಗಿತ್ತಾ, ಸೊಸೈಟಿಗೆ ಹಾಲು ಕೊಟ್ಟು ಬಂದಾಗಿತ್ತಾ, ಇಂಥ ಬಸ್ಸು ಹೋಗಿತ್ತಾ. ನಮ್ಮ ಪ್ರೈವೇಟ್ ಬಸ್ಸುಗಳಿಗೆ ಒಂದೊಂದು ನಿಮಿಷಕ್ಕೂ ಜಗಳ ಇರುವುದರಿಂದ ಬಸ್ಸಿನ ಹೆಸರು ಸಿಕ್ಕಿದರೆ ಹೊತ್ತು ಸಿಕ್ಕಿದ ಹಾಗೆ.

ಕಲಂ 180ರ ಅಡಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಹೊಸಬರು ಇದಕ್ಕೆ ಆಶ್ಚರ್ಯ ಪಡ್ತಾರೆ. ಹೆಂಗಸರು, 15 ವರ್ಷದೊಳಗಿನ ಮಕ್ಕಳು, 60 ದಾಟಿದವರನ್ನು ಸಾಕ್ಷಿ ಹೇಳಲಿಕ್ಕೆ ಠಾಣೆಗೆ ಬರಲೇಬೇಕು ಅಂತ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಹೋಗಬೇಕು. ಇನ್ನು ಪೇಪರಿನಲ್ಲಿ ಬರುವ "ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ" ಅನ್ನೋ ಸಾಲನ್ನು ನಂಬಿ ಕೇಸು ಮುಗಿಯಿತು ಅಂದುಕೊಳ್ಳಬೇಡಿ. ಪೊಲೀಸರ ಎದುರು ಒಪ್ಪಿಕೊಂಡದ್ದು ಸಾಕ್ಷ್ಯ ಆಗೋದಿಲ್ಲ, ಸಾಕ್ಷ್ಯ ಅಧಿನಿಯಮದ ಕಲಂ 23. "ಮೂಟೆಯನ್ನು ಪಂಪ್‌ಶೆಡ್‌ನಲ್ಲಿ ಇಟ್ಟಿದ್ದೇನೆ" ಅಂತ ಹೇಳಿ, ಅಲ್ಲಿ ಮೂಟೆ ಸಿಕ್ಕಿದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರ್ತದೆ. ನಾನೇ ಕದ್ದೆ ಅನ್ನೋ ಭಾಗ ಬರೋದಿಲ್ಲ.

ಸಿಸಿಟಿವಿಯ ಗಡಿಯಾರವನ್ನು ನಂಬಬೇಡಿ

ಅಂಗಡಿಯ ಡಿವಿಆರ್ (ಸಿಸಿಟಿವಿ ವಿಡಿಯೋ ಉಳಿಸಿಡುವ ಪೆಟ್ಟಿಗೆ) ಎದುರು ನಿಂತಾಗ ಮೊದಲ ಕೆಲಸ ನಿಮ್ಮ ಫೋನಿನ ಸಮಯವನ್ನೂ ಪರದೆಯ ಸಮಯವನ್ನೂ ಒಟ್ಟಿಗೆ ಬರೆದುಕೊಳ್ಳೋದು. ನಾನು ಓದಿದ ಒಂದು ಫೈಲಿನಲ್ಲಿ ಡಿವಿಆರ್ 23 ನಿಮಿಷ ಮುಂದೆ ಓಡುತ್ತಿತ್ತು, ಯಾರೂ ಬರೆದಿರಲಿಲ್ಲ, ಆರೋಪಿ ಆ ಹೊತ್ತಿಗೆ ಇನ್ನೊಂದು ಊರಿನ ಎಟಿಎಂನಲ್ಲಿ ಇದ್ದ ಹಾಗೆ ಕಾಣುತ್ತಿತ್ತು. ಎರಡನೆಯದು ತಡ ಮಾಡಬಾರದು, ಹಾರ್ಡ್ ಡಿಸ್ಕ್ ತುಂಬಿದರೆ ಹಳೆಯದರ ಮೇಲೆ ಹೊಸದು ಕೂರ್ತದೆ. ಮೂರನೆಯದು ಕಾಗದ: ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಇಲ್ಲದೆ ವಿಡಿಯೋ ಪ್ರತಿಯನ್ನು ಕೋರ್ಟಿಗೆ ಕೊಟ್ಟರೆ ಪ್ರಯೋಜನ ಇಲ್ಲ. ಈಗ ಅದರಲ್ಲಿ ಎರಡು ಭಾಗ ಇದೆ, ಕೊಡುವವರದ್ದು ಒಂದು, ತಜ್ಞರದ್ದು ಒಂದು, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ, ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯೇ ಬರ್ತದೆ.

ಆನ್‌ಲೈನ್ ಮೋಸ ಆದರೆ ಇದೆಲ್ಲ ಯೋಚಿಸುತ್ತ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲಿಕ್ಕೆ ಸಾಧ್ಯವಾದರೆ ಅಲ್ಲೇ.

ಗುಲ್ಲು ಒಂದು ಕಡೆ, ಕರೆಗಳ ಪಟ್ಟಿ ಇನ್ನೊಂದು ಕಡೆ

ನಮ್ಮ ಜಿಲ್ಲೆಯಲ್ಲೇ ಕಲಿಯಲಿಕ್ಕೆ ಒಂದು ಪ್ರಕರಣ ಉಂಟು. 2009ರಲ್ಲಿ ಬಂಟ್ವಾಳ ತಾಲೂಕಿನ ಒಬ್ಬ ಯುವತಿ ಕಾಣೆಯಾದಳು. ಬೇರೆ ಧರ್ಮದ ಹುಡುಗನ ಜೊತೆ ಹೋಗಿದ್ದಾಳೆ ಅಂತ ಊರಿಡೀ ಗುಲ್ಲು, ಪ್ರತಿಭಟನೆ. ಪೊಲೀಸರು ಅವಳ ಫೋನಿನ ಕರೆಗಳ ಪಟ್ಟಿ ಹಿಡಿದು ಕೂತರು. ಅದರಲ್ಲಿದ್ದ ಒಂದು ನಂಬರು ಇನ್ನೊಬ್ಬ ಹೆಂಗಸಿನದ್ದು, ಆಕೆಯೂ ಕಾಣೆ. ಆಕೆಯ ಪಟ್ಟಿ ತೆಗೆದರೆ ಮತ್ತೊಬ್ಬಳು, ಅವಳೂ ಕಾಣೆ. ಹೀಗೆ ಕೊಂಡಿ ಹಿಡಿದು ಹೋದಾಗ ಸಿಕ್ಕಿದವನು ಹೆಂಗಸರಿಗೆ ಸಯನೈಡ್ ಕೊಟ್ಟು ಕೊಲ್ಲುತ್ತಿದ್ದ ಸಯನೈಡ್ ಮೋಹನ್, ಹಿಂದೆ ಶಾಲೆಯ ಮೇಷ್ಟ್ರು. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಗಲ್ಲು ಶಿಕ್ಷೆ ಕೊಟ್ಟಿತು, ಆಮೇಲೆ ಹೈಕೋರ್ಟಿನಲ್ಲಿ ಕೆಲವು ಪ್ರಕರಣಗಳ ತೀರ್ಪು ಬದಲಾಗಿದೆ.

ನನ್ನನ್ನು ಕಾಡುವುದು ಬೇರೆ. ಆ ಹೆಂಗಸರ ಶವಗಳು ಬೇರೆ ಬೇರೆ ಊರಿನ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಮೊದಲೇ ಸಿಕ್ಕಿದ್ದವು. ಒಂದೊಂದು ಊರಲ್ಲಿ ಒಂದೊಂದು ಯುಡಿಆರ್, ಗುರುತು ಸಿಗದ ಶವ, ಫೈಲು ಬಂದ್. ಮಿಸ್ಸಿಂಗ್ ದೂರು ಇಲ್ಲಿ, ಶವ ಅಲ್ಲಿ. ಎರಡು ಕಾಗದವನ್ನು ಪಕ್ಕ ಪಕ್ಕ ಇಟ್ಟು ನೋಡಿದವರು ವರ್ಷಗಟ್ಟಲೆ ಇರಲಿಲ್ಲ.

ಅದಕ್ಕೇ ಅಭ್ಯಾಸ ಮಾಡುವಾಗ ಎರಡು ಪಟ್ಟಿ ಮಾಡಿ. ಒಂದರಲ್ಲಿ ಹೊತ್ತಿನ ಪ್ರಕಾರ ಗೊತ್ತಿರುವುದು, ಪ್ರತಿ ಸಾಲಿನ ಎದುರು ಅದು ಗೊತ್ತಾದದ್ದು ಎಲ್ಲಿಂದ ಅಂತ. ಇನ್ನೊಂದರಲ್ಲಿ ನಿಮ್ಮ ಊಹೆಗಳು, ಕಮ್ಮಿ ಅಂದರೆ ಮೂರು, ಒಂದೊಂದರ ಎದುರು ಅದನ್ನು ಸುಳ್ಳು ಮಾಡುವ ಸಂಗತಿ ಏನಿರಬಹುದು ಅಂತ. ದೊಡ್ಡಮ್ಮನ ಅಡಿಕೆ ವಿಷಯದಲ್ಲಿ ನಾನು ತೀರ್ಪು ಕೊಟ್ಟಿದ್ದ ಆ ಇಬ್ಬರು ಆ ರಾತ್ರಿ ಊರಲ್ಲೇ ಇರಲಿಲ್ಲ, ಘಟ್ಟದ ಮೇಲೆ ಕೆಲಸಕ್ಕೆ ಹೋಗಿದ್ದರು. ನಾನು ಹಾಗೆ ಹೇಳಿದ್ದು ಅವರ ಕಿವಿಗೂ ಬಿತ್ತು. ಈಗಲೂ ಸಿಕ್ಕಿದಾಗ ನನಗೆ ಮುಖ ಕೊಡಲು ಕಷ್ಟ. ಕೇಸು ಸಿ ರಿಪೋರ್ಟ್ ಆಯಿತು, ಅಂದರೆ ಪತ್ತೆಯಾಗಲಿಲ್ಲ ಅಂತ. ಸುಳ್ಳು ದೂರು, ತಪ್ಪು ತಿಳುವಳಿಕೆ ಅಂತ ಮುಚ್ಚಿದರೆ ಅದು ಬಿ ರಿಪೋರ್ಟ್.

ನೀವು ಮಾಡಬಾರದ್ದು

ಸಿಸಿಟಿವಿ ತುಣುಕನ್ನು "ಇವನೇ ಕಳ್ಳ" ಅಂತ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ತಪ್ಪಾದರೆ ಮಾನಹಾನಿ ನಿಮ್ಮ ತಲೆಗೆ. ಸರಿಯಾದರೂ ಗುರುತು ಪತ್ತೆ ಪರೇಡ್ (ಹಲವರ ನಡುವೆ ನಿಲ್ಲಿಸಿ ಆರೋಪಿಯನ್ನು ಸಾಕ್ಷಿಯಿಂದ ಗುರುತಿಸುವುದು) ಹಾಳು, ಎಲ್ಲ ಸಾಕ್ಷಿಗಳೂ ಫೋಟೋ ಮೊದಲೇ ನೋಡಿ ಆಗಿರ್ತದೆ. ಇನ್ನೊಬ್ಬರ ಫೋನ್ ತೆಗೆದು ನೋಡೋದು, ಅನುಮಾನ ಬಂದವರನ್ನು ಕೂರಿಸಿ ವಿಚಾರಿಸೋದು, ಹಿಡಿದು ಹೊಡೆಯೋದು, ಇದು ಯಾವುದೂ ತನಿಖೆ ಅಲ್ಲ ಮಾರಾಯ್ರೆ, ಹೊಸ ಅಪರಾಧ. ಕಣ್ಣೆದುರೇ ಗಂಭೀರ ಅಪರಾಧ ಮಾಡಿದವನನ್ನು ಜನ ಹಿಡಿಯಬಹುದು, ಆದರೆ ತಡ ಮಾಡದೆ, 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು, ನಾಗರಿಕ ಸುರಕ್ಷಾ ಸಂಹಿತೆಯ ಕಲಂ 40. ನೀವು ಮಾಡಬಹುದಾದ ಒಳ್ಳೆಯ ಕೆಲಸ ಬಾಗಿಲು ಎಳೆದುಕೊಂಡು, ಗುಡಿಸಲಿಕ್ಕೆ ಬರುವವರನ್ನು ತಡೆದು, 112ಕ್ಕೆ ಫೋನ್ ಮಾಡೋದು.

ಕೋರ್ಟಿಗೆ ಹೋಗಿ ಕೂತುಕೊಳ್ಳಿ

ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಸೂಕ್ಷ್ಮ ಪ್ರಕರಣ ಬಿಟ್ಟು. ನಿಮ್ಮ ತಾಲೂಕಿನದ್ದೇ ಹತ್ತು ಓದಿ. ಇ-ಕೋರ್ಟ್ಸ್ ಜಾಲತಾಣದಲ್ಲಿ ಖುಲಾಸೆಯಾದ ಪ್ರಕರಣಗಳ ತೀರ್ಪು ಹುಡುಕಿ ಓದಿ. ಶಿಕ್ಷೆಯಾದ ತೀರ್ಪಿಗಿಂತ ಖುಲಾಸೆಯ ತೀರ್ಪಿನಲ್ಲೇ ಕಲಿಯಲಿಕ್ಕೆ ಜಾಸ್ತಿ, ಯಾವ ಮೊಳೆ ಸಡಿಲ ಇತ್ತು ಅಂತ ನ್ಯಾಯಾಧೀಶರೇ ಬರೆದಿರ್ತಾರೆ.

ಆಮೇಲೆ ಒಂದು ದಿನ ಮಂಗಳೂರಿನಲ್ಲೋ ಉಡುಪಿಯಲ್ಲೋ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ. ಕ್ರಿಮಿನಲ್ ಕೇಸಿನ ವಿಚಾರಣೆ ಸಾಮಾನ್ಯವಾಗಿ ಬಾಗಿಲು ತೆರೆದೇ ನಡೀತದೆ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಫೋನ್ ಆರಿಸಿ. ಸಾಕ್ಷಿ ವಿಚಾರಣೆ ಇರುವ ಹಾಲ್ ಯಾವುದು ಅಂತ ಕೇಳಿದರೆ ಯಾರಾದರೂ ಹೇಳ್ತಾರೆ. ಮಹಜರಿಗೆ ಸಹಿ ಹಾಕಿದ ಪಂಚ ಕಟಕಟೆ ಹತ್ತಿದಾಗ ಕಿವಿ ಕೊಡಿ. ಪ್ರಾಸಿಕ್ಯೂಟರ್ ಕಾಗದ ತೋರಿಸಿ ಸಹಿ ನಿಮ್ಮದೇನಾ ಅಂತ ಕೇಳ್ತಾರೆ. ಹೌದು ಅಂತಾನೆ. ಎಲ್ಲಿ ಹಾಕಿದ್ದು ಅನ್ನೋದು ಮುಂದಿನ ಪ್ರಶ್ನೆ. ಅವನು ಒಮ್ಮೆ ತನಿಖಾಧಿಕಾರಿಯ ಕಡೆ, ಒಮ್ಮೆ ನೆಲದ ಕಡೆ ನೋಡಿ, "ಠಾಣೆಯಲ್ಲಿ ಸ್ವಾಮಿ, ಖಾಲಿ ಹಾಳೆ ಮೇಲೆ" ಅಂತ ಹೇಳುವ ದಿನ ನೀವು ಆ ಬೆಂಚಿನಲ್ಲಿ ಇದ್ದರೆ, ಹಿಂದಿನ ಸಾಲಿನಲ್ಲಿ ಕೂತ ಕಾನ್‌ಸ್ಟೆಬಲ್‌ಗಳ ಮುಖವನ್ನೂ ಒಮ್ಮೆ ನೋಡಿಕೊಳ್ಳಿ.